ಕೂಸು ಅಳು ನಿಲ್ಲಿಸದಿದ್ದರೆ?

ಅಕ್ಕನ ಎರಡು ತಿಂಗಳ ಕೂಸನ್ನು ಒಂದು ಸಂಜೆ ನೀವೊಬ್ಬರೇ ನೋಡಿಕೊಳ್ಳಬೇಕು. "ಅಳು ನಿಲ್ಲಿಸಲು ಬರದಿದ್ದರೆ ಏನು ಗತಿ? ಒಂದೆರಡು ಚಮಚ ನೀರು ಕುಡಿಸಬಹುದಾ?" ಎಂದು ಕೇಳಿದ್ದೀರಿ.

ನೀರಿನ ಮಾತು ಮೊದಲು ಮುಗಿಸೋಣ. ಬೇಡ. 6 ತಿಂಗಳವರೆಗೆ ಹಾಲಿನಲ್ಲೇ ಬೇಕಾದಷ್ಟು ನೀರು ಸಿಗುತ್ತದೆ. ಜೇನುತುಪ್ಪವನ್ನಂತೂ 1 ವರ್ಷ ತುಂಬುವವರೆಗೆ ನೆಕ್ಕಿಸಲೂ ಬಾರದು.

ಇನ್ನು ಅಳು. ಹುಟ್ಟಿದ ಎರಡು ವಾರಕ್ಕೆ ಜಾಸ್ತಿಯಾಗತೊಡಗುವ ಅಳು 6ರಿಂದ 8ನೇ ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ. ಮೂರ್ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಸಂಜೆ ಹೊತ್ತು ರಂಪ ಇನ್ನೂ ಹೆಚ್ಚು. ನೀವು ಹೋಗುತ್ತಿರುವುದೇ ಸರಿಯಾಗಿ ಆ ಹೊತ್ತಿಗೆ! ಹೆತ್ತವರ ಕೈಯಲ್ಲೂ ಅಳುವ ಕೂಸು ನಿಮ್ಮ ಕೈಯಲ್ಲಿ ಅತ್ತರೆ ಅದು ನಿಮ್ಮ ಸೋಲಲ್ಲ.

ಹಸಿವು, ಒದ್ದೆ ಡೈಪರ್, ತೇಗು ಇವನ್ನು ಎಲ್ಲರೂ ನೋಡುತ್ತಾರೆ. ಸೆಕೆಯಾಗಿದೆಯಾ ಅಂತ ಕತ್ತಿನ ಹಿಂದೆ ಮುಟ್ಟಿ ನೋಡಿ. ಕೈಕಾಲು ತಣ್ಣಗಿರುವುದು ಮಾಮೂಲು, ಅದನ್ನು ನೋಡಿ ಮೇಲೆ ಮೇಲೆ ಬಟ್ಟೆ ಹೊದಿಸಬೇಡಿ. ಕಾಲ್ಬೆರಳುಗಳನ್ನೂ ಒಮ್ಮೆ ನೋಡಿ. ಕೂದಲೆಳೆಯೋ ದಾರವೋ ಬಿಗಿಯಾಗಿ ಸುತ್ತಿಕೊಂಡು ನೋಯುತ್ತಿರಬಹುದು.

ಎಲ್ಲ ಸರಿಯಿದ್ದೂ ಅಳುತ್ತಿದೆ, ನಿಮ್ಮ ತಲೆ ಕೆಡುತ್ತಿದೆ ಅನ್ನಿ. ಆಗ ಕೂಸನ್ನು ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಆಚೆ ಬನ್ನಿ. ಐದು ನಿಮಿಷ ಉಸಿರಾಡಿ, ಮತ್ತೆ ಹೋಗಿ ನೋಡಿ. ಇದು ಕಲ್ಲೆದೆಯ ಕೆಲಸವಲ್ಲ, ಇದನ್ನು ಯಾರೂ ಹೇಳಿಕೊಡುವುದಿಲ್ಲ ಅಷ್ಟೇ. ಎತ್ತಿ ಅಲುಗಾಡಿಸುವುದು ಮಾತ್ರ ಎಂದೂ ಕೂಡದು. ತಲೆ ಭಾರ, ಕತ್ತು ಎಳೆಯದು. ಕೆಲವೇ ಸೆಕೆಂಡುಗಳ ಜೋರು ಅಲುಗಾಟಕ್ಕೆ ಮಿದುಳಲ್ಲಿ ರಕ್ತಸ್ರಾವವಾಗಬಹುದು. ನಿಮಗೆ ಕೋಪ ಬರುತ್ತದೆ, ಅದರಲ್ಲಿ ನಾಚಿಕೆಯೇನಿಲ್ಲ. ಆ ಹೊತ್ತಿಗೆ ಕೂಸು ಕೈಯಲ್ಲಿರಬಾರದು.

ನಿದ್ದೆ ಬಂದರೂ ಅಂಗಾತವೇ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ ಇರಲಿ. ದಿಂಬು, ದಪ್ಪ ಹೊದಿಕೆ, ಗೊಂಬೆ ಯಾವುದೂ ಬೇಡ. 1990ರ ದಶಕದಲ್ಲಿ ಹಲವು ದೇಶಗಳಲ್ಲಿ ಈ ಸಲಹೆ ಮನೆಮನೆ ಮುಟ್ಟಿದ ಮೇಲೆ ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವ ಕೂಸುಗಳ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ಎತ್ತಿಕೊಂಡು ಸೋಫಾದಲ್ಲಿ ಕೂತಾಗ ನಿಮಗೇ ಜೋಂಪು ಹತ್ತಿದರೆ ಎದ್ದುಬಿಡಿ.

ಹಾಲನ್ನು ಮೈಕ್ರೋವೇವ್‌ನಲ್ಲಿ ಕಾಯಿಸಬೇಡಿ, ಅಲ್ಲಲ್ಲಿ ಸುಡುವಷ್ಟು ಬಿಸಿಯಾಗುತ್ತದೆ. ಬಾಟಲಿಯನ್ನು ಬಿಸಿನೀರಲ್ಲಿಟ್ಟರೆ ಸಾಕು.

ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಉಸಿರಾಟ ಕಷ್ಟವಾದರೆ, ಹಾಲು ಕುಡಿಯದೆ ಮೈ ಜೋಲು ಬಿಟ್ಟರೆ, ಅಕ್ಕ ಬರಲಿ ಅಂತ ಕಾಯಬೇಡಿ. ಈ ವಯಸ್ಸಿನಲ್ಲಿ ತಕ್ಷಣ ವೈದ್ಯರಿಗೆ ತೋರಿಸಲೇಬೇಕು. ಅವರ ನಂಬರ್ ಮೊದಲೇ ಕೇಳಿಟ್ಟುಕೊಳ್ಳಿ.

ಒಂದು ಗಂಟೆ ಮುಂಚೆಯೇ ಹೋಗಿ. ಅಕ್ಕ ಮನೆಯಲ್ಲಿರುವಾಗಲೇ ಒಮ್ಮೆ ಹಾಲು ಕುಡಿಸಿ, ಡೈಪರ್ ಬದಲಿಸಿ. ಅವರು ಹೊರಟ ಮೇಲೂ ಡೌಟು ಬಂದರೆ ಫೋನ್ ಮಾಡಿ. ತಪ್ಪು ತಿಳಿಯೋರಲ್ಲ, ನಿಮ್ಮ ಫೋನನ್ನೇ ಕಾಯುತ್ತಿರುತ್ತಾರೆ.

– ಸಂ.