ಮೂರು ವಾರದ ಮೇಷ್ಟ್ರು

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ರಜೆಯಲ್ಲಿ ಮೂರು ವಾರ ಹೊರದೇಶದ ಹಳ್ಳಿಯೊಂದರಲ್ಲಿ ಪುಕ್ಕಟೆ ಪಾಠ ಮಾಡುವಾಸೆ. ಕಳಿಸುವ ಸಂಸ್ಥೆ ದೊಡ್ಡ ಮೊತ್ತ ಕೇಳುತ್ತಿದೆ. ಟೂರಿಸ್ಟ್ ವೀಸಾ ಸಾಕಂತೆ. ಹೋಗಲೇ?

ಉತ್ತರ: ಆಸೆ ಒಳ್ಳೆಯದೇ. ಆದರೆ ಮೂರು ವಾರ ಯಾತಕ್ಕೂ ಸಾಲದು. ನಾನು ಹೀಗೆ ಹೋದಾಗ ಮೊದಲ ಹದಿನೈದು ದಿನ ಮಕ್ಕಳು ಏನು ಕೇಳಿದರೂ 'ಯೆಸ್' ಅನ್ನುತ್ತಿದ್ದರು. ಅರ್ಥವಾಗಿದೆ ಅಂತ ನಾನು ಖುಷಿಯಲ್ಲಿದ್ದೆ. ಒಂದು ದಿನ 'ಇದು ಏಳಾ, ಎಂಟಾ?' ಎಂದು ಕೇಳಿದೆ. ಅದಕ್ಕೂ 'ಯೆಸ್'! ಹಿಂದೆ ನಿಂತಿದ್ದ ಅಲ್ಲಿನ ಮೇಷ್ಟ್ರು ನಕ್ಕರು. ಹೊರಗಿನಿಂದ ಒಂದು ಹಿಡಿ ಕಲ್ಲು ತಂದು ಬೆಂಚಿನ ಮೇಲೆ ಸುರಿದರು, ಅವರ ಭಾಷೆಯಲ್ಲೇ ಎಣಿಸಿದರು. ಐದೇ ನಿಮಿಷ. ಅವತ್ತಿನಿಂದ ನಾನು ಅವರ ಸಹಾಯಕ. ಆಮೇಲೇ ನಾನು ಸ್ವಲ್ಪ ಉಪಯೋಗಕ್ಕೆ ಬಂದದ್ದು.

ವೀಸಾ ವಿಷಯ ಸುಮ್ನೆ ನಂಬಬೇಡಿ. ಎಷ್ಟೋ ದೇಶಗಳಲ್ಲಿ ಸಂಬಳವಿಲ್ಲದ ಕೆಲಸವೂ ಕೆಲಸವೇ. ಆ ದೇಶದ ರಾಯಭಾರ ಕಚೇರಿಯನ್ನೇ ಕೇಳಿ. ಸಂಸ್ಥೆ ನಿಮ್ಮಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿದೆಯಾ? ಕೇಳದಿದ್ದರೆ ಮಕ್ಕಳ ಹತ್ತಿರ ಯಾರನ್ನು ಬೇಕಾದರೂ ಬಿಡ್ತಾರೆ ಅಂತಾಯ್ತು, ಅಲ್ವಾ? ಕಟ್ಟುವ ದುಡ್ಡಿನಲ್ಲಿ ಶಾಲೆಗೆ ಎಷ್ಟು ಹೋಗುತ್ತದೆ ಎಂದೂ ಬರಹದಲ್ಲಿ ಕೇಳಿ.

ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ 1970ರಲ್ಲಿ ಹುಟ್ಟಿದ್ದು. ಅಲ್ಲಿ ಸ್ಥಳಕ್ಕೆ ಹೋಗಿ ದುಡಿಯುವವರಿಗೆ ಅವರೇ ಜೀವನಭತ್ಯೆ ಕೊಡುತ್ತಾರೆ. ಆದರೆ ತಿಂಗಳುಗಟ್ಟಲೆ ಇರಬೇಕಾಗುತ್ತದೆ. ಆರು ತಿಂಗಳು ರಜೆ ಸಿಗುವ ಹಾಗಿದ್ದರೆ ಮತ್ತೆ ಬರೆಯಿರಿ.