ಢಾಕಾಕ್ಕೆ ಬಟ್ಟೆ ಹೊತ್ತು ತರಬೇಡಿ

ಮನೆಯವರ ಕೆಲಸಕ್ಕೆಂದು ಬೆಂಗಳೂರಿನಿಂದ ಢಾಕಾಕ್ಕೆ ಬರುತ್ತಿದ್ದೀರಿ. ಅಲ್ಲಿ ಬದುಕು ಹೇಗಿರುತ್ತೆ, ಮಕ್ಕಳ ಬಟ್ಟೆಬರೆಯನ್ನೆಲ್ಲ ಊರಿಂದಲೇ ತುಂಬಿಕೊಂಡು ಬರಲಾ ಅಂತ ಕೇಳಿದ್ದೀರಿ. ಬೇಡ ತಂಗಿ. ಆ ಜಾಗದಲ್ಲಿ ಸಾರಿನ ಪುಡಿ, ರಾಗಿ ಹಿಟ್ಟು, ಕಾಫಿ ಪುಡಿ ತನ್ನಿ. ಬಟ್ಟೆಯ ವಿಷಯದಲ್ಲಿ ಈ ಊರಿಗೆ ಸಮನಾದ ಊರು ನಾನು ಕಂಡಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ರಜೆ ಶುಕ್ರವಾರ, ಶನಿವಾರ. ಭಾನುವಾರ ಬೆಳಿಗ್ಗೆ ಆಫೀಸು. ಟ್ರಾಫಿಕ್ಕು ಜಾಸ್ತಿ, ಸಿಲ್ಕ್ ಬೋರ್ಡ್ ದಾಟಿದವರಿಗೆ ಹೊಸದೇನಲ್ಲ. ಉತ್ತರಾದಿಂದ ಮೋತಿಝೀಲ್‌ವರೆಗೆ ಮೆಟ್ರೊ ಇದೆ, ಅದನ್ನು ನಂಬಿ. ಹಿಂದಿಯಲ್ಲಿ ಮಾತಾಡಿದರೆ ಹಲವರಿಗೆ ಅರ್ಥವಾಗುತ್ತದೆ, ಆದರೂ ನಾಲ್ಕು ಮಾತು ಬಂಗಾಳಿ ಕಲಿಯಿರಿ. ಅಂಗಡಿಯವರು ನಿಮ್ಮನ್ನು ‘ಆಪಾ’ ಅಂತಾರೆ, ಅಂದರೆ ಅಕ್ಕ. ನೀವು ‘ಭಾಯಿ’ ಅನ್ನಿ.

ಇನ್ನು ಬಟ್ಟೆ. ಇಲ್ಲಿ ಮೊದಲು ಗೊತ್ತಿರಬೇಕಾದದ್ದು ಯಾವ ವಾರ ಎಲ್ಲಿ ಅನ್ನೋದು. ನ್ಯೂ ಮಾರ್ಕೆಟ್, ಅದರ ಎದುರಿನ ಗೌಸಿಯಾ, ಚಾಂದನಿ ಚೌಕ್ ಮಂಗಳವಾರ ಬಾಗಿಲು ತೆಗೆಯುವುದಿಲ್ಲ, ಬುಧವಾರ ಅರ್ಧ ದಿನ. ಹಳೇ ಢಾಕಾದ ಇಸ್ಲಾಂಪುರದ ಸಗಟು ಅಂಗಡಿಗಳಿಗೆ ಶುಕ್ರವಾರ ರಜೆ. ಊರಾಚೆಯ ದೊಡ್ಡ ಸಂತೆಗಳಿಗೂ ಅದರದ್ದೇ ವಾರ. ಇಲ್ಲಿ ಸಂತೆಗೆ ಹಾಟ್ ಅಂತಾರೆ. ಭುಲ್ತಾದ ಹಾಟ್ ಮಂಗಳವಾರ. ನರಸಿಂಗ್ದಿಯ ಬಾಬುರ್‌ಹಾಟ್ ವಾರದ ಕೊನೆಗೆ, ಲುಂಗಿ, ಗಮ್ಛಾ ಅನ್ನೋ ತೆಳು ಟವೆಲು, ಬೆಡ್‌ಶೀಟಿಗೆ ಹೆಸರಾದದ್ದು. ಟಾಂಗಾಯ್ಲ್ ಕಡೆಯ ಬಾಜಿತ್‌ಪುರದಲ್ಲಿ ಸೋಮವಾರ ಮತ್ತು ಶುಕ್ರವಾರ ನಸುಕಿನಲ್ಲೇ ಸೀರೆ ಸಂತೆ. ಇವು ಹೆಚ್ಚಾಗಿ ಅಂಗಡಿಯವರಿಗಾಗಿ ಇರುವ ಸಂತೆಗಳು. ನೀವೊಬ್ಬರೇ ಹೋಗಿ ಒಂದು ಸೀರೆ ಕೇಳಿದರೆ ಕೆಲವರು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ.

ಚೂಡಿದಾರ್ ಪೀಸಿಗೆ ಗೌಸಿಯಾ ಸಾಕು. ಬಟ್ಟೆ ಅಳೆಯುವುದು ಗಜದಲ್ಲಿ, ಅಂದರೆ 36 ಇಂಚು. ನಮ್ಮ ಮೀಟರಿಗಿಂತ ಮೂರು ಇಂಚಿನಷ್ಟು ಕಡಿಮೆ. ಐದು ಮೀಟರ್ ಬೇಕಿದ್ದರೆ ಐದೂವರೆ ಗಜ ಕೇಳಿ, ಇಲ್ಲದಿದ್ದರೆ ಟೈಲರ್ ಹತ್ತಿರ ತೋಳಿಗೆ ಬಟ್ಟೆ ಸಾಲುವುದಿಲ್ಲ. ‘ಏಕ್ ದರ್’ ಅಂತ ಬೋರ್ಡು ಇದ್ದರೆ ಚೌಕಾಸಿ ಇಲ್ಲ. ಬೋರ್ಡಿಲ್ಲದ ಕಡೆ ಹೇಳಿದ ಬೆಲೆಯ ಅರ್ಧದಿಂದ ಶುರು ಮಾಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಕ್ಕಳ ಬಟ್ಟೆಗೆ ಢಾಕಾ ಕಾಲೇಜಿನ ಎದುರಿನ ಫುಟ್‌ಪಾತು. ‘ಬಾಇಚ್ಛಾ ಲನ್, ದೇಇಖ್ಖಾ ಲನ್’ ಅಂತ ಕೂಗುತ್ತಿರುತ್ತಾರೆ. ಆರಿಸಿಕೊಳ್ಳಿ, ನೋಡಿ ತಗೊಳ್ಳಿ ಅಂತ. ಗುಡ್ಡೆ ಹಾಕಿದ್ದರಲ್ಲಿ ಬಹಳಷ್ಟು ಇಲ್ಲಿನ ಫ್ಯಾಕ್ಟರಿಗಳಿಂದ ಬಂದ ಎಕ್ಸ್‌ಪೋರ್ಟ್ ಲಾಟ್. ನಾನೂ ಗಾರ್ಮೆಂಟ್ಸಿನವಳೇ, ಪೀಣ್ಯದಲ್ಲಿ ಕ್ವಾಲಿಟಿ ಚೆಕ್ಕಿಂಗ್ ಮಾಡಿ ಇಲ್ಲಿಗೆ ಬಂದವಳು, ಹಾಗಾಗಿ ಇದನ್ನು ಧೈರ್ಯವಾಗಿ ಹೇಳಬಲ್ಲೆ. ಆರ್ಡರಿಗಿಂತ ಸ್ವಲ್ಪ ಹೆಚ್ಚು ಕಟ್ ಮಾಡಿದ್ದು, ಸೈಜಿನ ಸೆಟ್ ಪೂರ್ತಿಯಾಗದ್ದು, ಆರ್ಡರ್ ರದ್ದಾದದ್ದು, ಬಣ್ಣ ಸರಿಹೋಗದೆ ನಿಂತದ್ದು, ಎಲ್ಲ ಇಲ್ಲಿಗೆ ಬರುತ್ತದೆ. ಬ್ರ್ಯಾಂಡಿನ ಲೇಬಲ್ ಕತ್ತರಿಸಿರುತ್ತಾರೆ. ಅದು ದೋಷವಲ್ಲ.

ದೋಷ ಬೇರೆ ಕಡೆ ಇರುತ್ತದೆ. ಟೀ ಶರ್ಟನ್ನು ಬೆಳಕಿಗೆ ಹಿಡಿದು ಹೊಲಿಗೆಯ ಪಕ್ಕ ಸೂಜಿ ತೂತು ಇದೆಯಾ ನೋಡಿ. ಇದ್ದರೆ ಎರಡು ಒಗೆತಕ್ಕೆ ದೊಡ್ಡದಾಗುತ್ತದೆ. ತೋಳನ್ನು ಎದೆಯ ಮೇಲೆ ಮಡಚಿಟ್ಟು ಎರಡರ ಬಣ್ಣ ಒಂದೇನಾ ಅಂತ ಹಗಲು ಬೆಳಕಲ್ಲಿ ನೋಡಿ. ಬಲ್ಬಿನ ಕೆಳಗೆ ಎಲ್ಲವೂ ಒಂದೇ ಥರ ಕಾಣುತ್ತದೆ. ಪ್ಯಾಂಟಾದರೆ ತೊಡೆಸಂದಿಯ ಹೊಲಿಗೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ಇಷ್ಟು ದಾಟಿದ ಬಟ್ಟೆ ಮಾಲಿನಲ್ಲಿ ತಗೊಂಡದ್ದಕ್ಕಿಂತ ಏನೂ ಕಡಿಮೆಯಿಲ್ಲ.

ಇಂಥ ಬಟ್ಟೆಗೆ ಬಂಗೊಬಜಾರ್ ಹೆಸರುವಾಸಿಯಾಗಿತ್ತು. 2023ರ ಏಪ್ರಿಲ್ 4ರಂದು, ರಂಜಾನ್ ತಿಂಗಳಲ್ಲಿ, ಈದ್‌ಗೆಂದು ತುಂಬಿಸಿಟ್ಟ ಮಾಲಿನ ಸಮೇತ ಸುಟ್ಟುಹೋಯಿತು. ಸಾವಿರಾರು ಅಂಗಡಿಗಳು. ಕೆಲವೇ ದಿನಕ್ಕೆ ಅದೇ ಜಾಗದಲ್ಲಿ ಮರದ ಚೌಕಿ ಹಾಕಿಕೊಂಡು, ತಲೆ ಮೇಲೆ ಸೂರಿಲ್ಲದೆ, ಉರಿಬಿಸಿಲಲ್ಲಿ ಉಪವಾಸವಿದ್ದುಕೊಂಡೇ ಮತ್ತೆ ಮಾರಲು ಕೂತರು. ಈ ಜನರನ್ನು ನಾನು ಗೌರವಿಸುವುದು ಇದಕ್ಕೇ.

ಇದೆಲ್ಲ ದಿನಬಳಕೆಗಾಯಿತು. ಆದರೆ ಒಂದು ಸಂತೆಯನ್ನು ಮಾತ್ರ ನೀವು ನೋಡಲೇಬೇಕು. ಶೀತಲಕ್ಷ್ಯ ನದಿಯ ದಂಡೆ, ಡೆಮ್ರಾ ಕಡೆಯ ಜಾಮ್ದಾನಿ ಸೀರೆಯ ಹಾಟ್. ಶುಕ್ರವಾರ ಬೆಳಕು ಹರಿಯುವ ಮುಂಚೆ ಶುರುವಾಗಿ, ಊರು ಏಳುವ ಹೊತ್ತಿಗೆ ಮುಗಿದೇ ಹೋಗಿರುತ್ತದೆ. ಅಂಗಡಿ, ಹಲಗೆ ಏನೂ ಇಲ್ಲ. ನೇಕಾರರು ಎರಡೋ ಮೂರೋ ಸೀರೆಯನ್ನು ತೋಳಿನ ಮೇಲೆ ಹಾಕಿಕೊಂಡು ಸಾಲಾಗಿ ನಿಂತಿರುತ್ತಾರೆ. ಕೊಳ್ಳುವವರು ಬಲ್ಬಿನ ಕೆಳಗೆ ಸೆರಗು ಬಿಡಿಸಿ, ಎಳೆ ಮುಟ್ಟಿ, ಬೆಲೆ ಹೇಳಿ ಮುಂದೆ ಹೋಗುತ್ತಾರೆ. ಸೀರೆ ಮಾರಿದ ದುಡ್ಡಲ್ಲೇ ಮುಂದಿನ ಸೀರೆಯ ನೂಲು ಬರಬೇಕು. ಮಾರಾಟವಾಗದೆ ಮಡಚಿಕೊಂಡು ವಾಪಸು ಹೋಗುವವರ ಮುಖ ನೋಡಲಾಗುವುದಿಲ್ಲ.

ಜಾಮ್ದಾನಿಯ ಒಂದೊಂದು ಹೂವಿನ ಎಳೆಯನ್ನೂ ಕೈಯಲ್ಲೇ ಸೇರಿಸುತ್ತಾರೆ. ಒಂದು ಮಗ್ಗಕ್ಕೆ ಇಬ್ಬರು, ಗುರು ಮತ್ತು ಶಿಷ್ಯ. ಕಾಗದದ ಮೇಲೆ ನಕ್ಷೆ ಇರುವುದಿಲ್ಲ, ಅದು ಗುರುವಿನ ತಲೆಯಲ್ಲಿ. ಒಂದು ಸೀರೆಗೆ ವಾರಗಟ್ಟಲೆ, ಸೂಕ್ಷ್ಮ ಕೆಲಸವಾದರೆ ತಿಂಗಳುಗಟ್ಟಲೆ. 2013ರಲ್ಲಿ ಇದು ಯುನೆಸ್ಕೊ ಪಟ್ಟಿಗೆ ಸೇರಿತು. ಅದಕ್ಕೇ ಹೇಳುತ್ತೇನೆ, ಫುಟ್‌ಪಾತಿನಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ನೇಕಾರನ ಎದುರು ಮಾತ್ರ ಜಗ್ಗಾಡಬೇಡಿ. ಬಜೆಟ್ಟಿಗೆ ಬರಲಿಲ್ಲವೆಂದರೆ ಸಣ್ಣ ಹೂವಿನದು ತಗೊಳ್ಳಿ. ತಗೊಳ್ಳುವಾಗ ಸೀರೆ ಮಗುಚಿ ನೋಡಿ. ಕೈಮಗ್ಗದ್ದು ಹಿಂಬದಿಯೂ ಹೆಚ್ಚುಕಡಿಮೆ ಮುಂಬದಿಯಷ್ಟೇ ಚೊಕ್ಕ. ಮಷಿನ್ನಿನದರ ಹಿಂದೆ ಕತ್ತರಿಸಿದ ದಾರದ ತುದಿಗಳು ಕಾಣುತ್ತವೆ.

ಟಾಂಗಾಯ್ಲ್ ಸೀರೆ ಯಾರದ್ದು ಅನ್ನೋ ವಾದಕ್ಕೆ ಇಲ್ಲಿ ಇಳಿಯಬೇಡಿ. 2024ರಲ್ಲಿ ಭಾರತ ಅದಕ್ಕೆ ಜಿಐ, ಅಂದರೆ ಇದು ಇಂಥ ಊರಿನದು ಅನ್ನೋ ಕಾನೂನಿನ ಗುರುತು, ಕೊಟ್ಟಾಗ ಇಲ್ಲಿ ತುಂಬಾ ನೋವಾಯಿತು, ಆಮೇಲೆ ಬಾಂಗ್ಲಾದೇಶವೂ ತನ್ನದನ್ನು ನೋಂದಾಯಿಸಿತು. ದೇಶ ಒಡೆದ ಮೇಲೆ ಬಸಾಕ್ ನೇಕಾರರಲ್ಲಿ ಎಷ್ಟೋ ಮನೆಯವರು ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯ ಫುಲಿಯಾಕ್ಕೆ ಹೋದರು, ಉಳಿದವರು ಇಲ್ಲೇ ನೇಯುತ್ತಿದ್ದಾರೆ. ಎರಡೂ ಕಡೆಯ ಕೈ ಒಂದೇ.

ರಂಜಾನಿನ ಕೊನೆಯ ದಿನಗಳಲ್ಲಿ ಚಿಕ್ಕ ಮಕ್ಕಳನ್ನು ಕರೆದುಕೊಂಡು ಗೌಸಿಯಾ ಕಡೆ ಹೋಗಬೇಡಿ, ಕಾಲಿಡಲು ಜಾಗವಿರುವುದಿಲ್ಲ. ಏಪ್ರಿಲ್ 14ರ ಪೊಹೆಲಾ ಬೊಯಿಶಾಖ್‌ಗೆ, ಅಂದರೆ ಬಂಗಾಳಿ ಹೊಸವರ್ಷಕ್ಕೆ, ಕೆಂಪು ಅಂಚಿನ ಬಿಳಿ ಸೀರೆ ಬೇಕಾಗುತ್ತದೆ, ಅದನ್ನು ಮಾರ್ಚಿನಲ್ಲೇ ತಗೊಂಡುಬಿಡಿ. ಬಂದು ಮನೆ ಹೊಂದಿಸಿಕೊಂಡ ಮೇಲೆ ತಿಳಿಸಿ. ನಾಲ್ಕು ಜನ ಸೇರಿದರೆ ಡೆಮ್ರಾಕ್ಕೆ ಗಾಡಿ ಬಾಡಿಗೆ ಹಂಚಿಕೊಳ್ಳಬಹುದು. ರಾತ್ರಿ ಮೂರಕ್ಕೆ ಹೊರಡಬೇಕು, ಮಕ್ಕಳನ್ನು ಮನೆಯವರ ಹತ್ತಿರ ಬಿಟ್ಟು ಬನ್ನಿ.