ಸೈನ್ಯದ ಸರಕು ಸಾಗಿಸುವ ಕಂಪನಿಯಲ್ಲಿ ಲಾರಿ ಓಡಿಸುವುದು ಹೇಗಿರುತ್ತದೆ?

ವಯಸ್ಸು 27, ಹೆವಿ ಲೈಸೆನ್ಸ್ ಇದೆ, ಐದು ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ, ಮಿಲಿಟರಿ ಸಾಮಾನು ಹೊರುವ ಕಂಪನಿಗೆ ಸೇರಿದರೆ ಹೇಗೆ ಅಂತ ಕೇಳಿದ್ದೀರಿ. ಅಂಥ ಕಂಪನಿಯಲ್ಲೇ ನಾನು 2000ದಿಂದ 2017ರವರೆಗೆ ಸ್ಟೇರಿಂಗ್ ಹಿಡಿದವನು. ಆದರೆ ನೀವು ಅಂದುಕೊಂಡ ಕಂಪನಿ ಅದಲ್ಲ. ಸೈನ್ಯಕ್ಕೆ ಸಾಮಾನು ಮುಟ್ಟಿಸುವ ಸೈನ್ಯದ್ದೇ ವಿಭಾಗ ಆರ್ಮಿ ಸರ್ವಿಸ್ ಕೋರ್, ಅಂದರೆ ಎಎಸ್‌ಸಿಯಲ್ಲಿ, ಲಾರಿಗಳ ತುಕಡಿಗೂ ಕಂಪನಿ ಅಂತಲೇ ಹೆಸರು. ಓನರ್ ಇಲ್ಲ, ಟ್ರಿಪ್ ಬಾಟಾ ಇಲ್ಲ, ಬೇಗ ಮುಟ್ಟಿಸಿದರೆ ಶಭಾಷ್ ಅನ್ನುವವರೂ ಇಲ್ಲ. ಬೇಗ ಮುಟ್ಟಿಸಿದರೆ ಬೈಗುಳ.

ಸೇರುವ ಮುಂಚೆ ತಿಪಟೂರಿನ ಕೊಬ್ಬರಿ ಲಾರಿಯಲ್ಲಿ ಕ್ಲೀನರ್ ಆಗಿದ್ದೆ. ಬೆಂಗಳೂರಿನ ಎಎಸ್‌ಸಿ ಸೆಂಟರ್‌ಗೆ ಹೋದಾಗ ನನಗೆಲ್ಲ ಗೊತ್ತು ಅನ್ನುವ ಕೊಬ್ಬು ಇತ್ತು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವುದು, ಎದುರಿಗೆ ಬರುವವನಿಗೆ ಲೈಟ್ ಹೊಡೆದು ನುಗ್ಗುವುದು, ಎಲ್ಲ ಅಲ್ಲಿ ತಪ್ಪು. ಕಲಿಸುವ ಉಸ್ತಾದ್ ಒಂದು ದಿನ "ಗುಟ್ಕಾ ಲಗಾವ್" ಅಂತ ಕೂಗಿದರು. ನಾನು ಜೇಬು ತಡಕಿದೆ. ಚಕ್ರದ ಹಿಂದೆ ಕೊಡುವ ಮರದ ತುಂಡಿಗೆ ಅಲ್ಲಿ ಹಾಗನ್ನುತ್ತಾರೆ! ನಮ್ಮ ಕಡೆ ಕಲ್ಲು ಕೊಡುತ್ತೇವಲ್ಲ, ಅದೇ.

ಓಡಿಸುವುದಕ್ಕಿಂತ ಕಾಯುವುದೇ ಹೆಚ್ಚು. ಜಮ್ಮುವಿನಿಂದ ಶ್ರೀನಗರಕ್ಕೆ ಹೋಗುವ ಕಾನ್ವಾಯ್, ಅಂದರೆ ಲಾರಿಗಳ ಸಾಲು, ಇದ್ದರೆ ಬೆಳಕು ಹರಿಯುವ ಮೊದಲೇ ಸಾಲು ನಿಲ್ಲಬೇಕು. ರೋಡ್ ಓಪನಿಂಗ್ ಪಾರ್ಟಿಯವರು ಬಾಂಬ್ ಇಟ್ಟಿದ್ದಾರಾ ಅಂತ ಮೋರಿ ಮೋರಿ ಬಗ್ಗಿ ನೋಡಿ, ದಾರಿ ಸಾಫ್ ಅಂದ ಮೇಲೇ ಹೊರಡುವುದು. ಸಾಲಿನಲ್ಲಿ ನಿಮ್ಮ ಗಾಡಿಗೆ ಒಂದು ಜಾಗ ಕೊಟ್ಟರೆ ಕೊನೆಯವರೆಗೂ ಅದೇ ಜಾಗ. ಓವರ್‌ಟೇಕ್ ಇಲ್ಲ. ಮುಂದಿನವನಿಗೆ ಅಂಟಿಕೊಳ್ಳುವ ಹಾಗಿಲ್ಲ, ಹಿಂದಿನವನು ಕನ್ನಡಿಯಲ್ಲಿ ಕಾಣದಿದ್ದರೆ ನಿಧಾನ ಮಾಡಬೇಕು. ಐದು ವರ್ಷ ಮಾಲೀಕನ ಫೋನಿಗೆ ಹೆದರಿ ಓಡಿಸಿದ ಕಾಲಿಗೆ ಇದು ಸುಲಭಕ್ಕೆ ಬರುವುದಿಲ್ಲ. ನನಗಂತೂ ವರ್ಷ ಹಿಡಿಯಿತು.

ಲೋಡು ಏನು ಅಂದರೆ ಸಿನಿಮಾದಲ್ಲಿ ತೋರಿಸುವಂಥದ್ದು ಕಮ್ಮಿ. ಹಿಟ್ಟು, ಬೇಳೆ, ಸಕ್ಕರೆ, ಈರುಳ್ಳಿ, ಮೊಟ್ಟೆ, ಎಲ್ಲಕ್ಕಿಂತ ಹೆಚ್ಚಾಗಿ ಸೀಮೆಎಣ್ಣೆ. ಮೇಲಿನ ಪೋಸ್ಟ್‌ಗಳಲ್ಲಿ ಬುಖಾರಿ, ಅಂದರೆ ಕೋಣೆ ಬಿಸಿ ಮಾಡುವ ಒಲೆ, ಉರಿಯುವುದೇ ಅದರಿಂದ. ಚಳಿಗಾಲದಲ್ಲಿ ಹಿಮ ಬಿದ್ದು ಲಡಾಖ್ ದಾರಿ ಮುಚ್ಚುತ್ತದೆ ಅಂತ, ಬೇಸಿಗೆ ಪೂರ್ತಿ ಅಲ್ಲಿಗೆ ಹೊತ್ತು ಹಾಕುವುದೇ ನಮ್ಮ ಕೆಲಸ. ನಮ್ಮ ಗಾಡಿಗಳು ಸಾಲದೆ ಖಾಸಗಿ ಲಾರಿಗಳನ್ನೂ ಬಾಡಿಗೆಗೆ ಹಿಡಿಯುತ್ತಾರೆ.

ಲಡಾಖಿನ ಲೇಹ್ ಊರು ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಅದಕ್ಕೇ ಹೊಸಬ ಅಲ್ಲಿಗೆ ಹೋದರೆ ಮೊದಲ ಆರು ದಿನ ಕೆಲಸವೇ ಇಲ್ಲ. ಎರಡು ದಿನ ಮಲಗು, ನಾಲ್ಕು ದಿನ ಸ್ವಲ್ಪ ಸ್ವಲ್ಪ ನಡೆ. ಇನ್ನೂ ಮೇಲೆ ಹೋಗಬೇಕಾದರೆ ಮತ್ತೆ ನಾಲ್ಕು ದಿನ. ಈ ದಿನಗಳನ್ನು ಬಿಟ್ಟು ಗಟ್ಟಿಗನಾಗಲು ಹೋದವನನ್ನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಗಾಡಿಗೂ ಉಸಿರು ಸಾಲುವುದಿಲ್ಲ, ಕೆಳಗೆ ಕುದುರೆಯಂತಿದ್ದ ನಮ್ಮ ಸ್ಟಾಲಿಯನ್ ಲಾರಿ ಅಲ್ಲಿ ಕಪ್ಪು ಹೊಗೆ ಕಾರುತ್ತಾ ಎಮ್ಮೆಯಂತೆ ಹತ್ತುತ್ತದೆ. ಸಂಜೆ ಬ್ರೇಕಿನ ಏರ್ ಟ್ಯಾಂಕಿನಲ್ಲಿ ಸೇರಿದ ನೀರು ಬಿಡಲು ಮರೆತರೆ ಬೆಳಿಗ್ಗೆ ಅದು ಹೆಪ್ಪುಗಟ್ಟಿ ಬ್ರೇಕ್ ಕೈಕೊಡುತ್ತದೆ. ಡೀಸೆಲ್ ಗಟ್ಟಿಯಾಗದಿರಲಿ ಅಂತ ರಾತ್ರಿ ಎದ್ದೆದ್ದು ಇಂಜಿನ್ ಸ್ಟಾರ್ಟ್ ಮಾಡುವುದು, ಚಳಿಗಾಲದ ಡ್ಯೂಟಿ.

ಭಯ ಆದದ್ದು ಶ್ರೀನಗರದಿಂದ ಲಡಾಖಿಗೆ ಹೋಗುವ ದಾರಿಯ ಜೋಜಿ ಲಾ ಘಾಟಿಯಲ್ಲಿ. 3,528 ಮೀಟರ್, ಲಡಾಖಿನ ಬೇರೆ ಘಾಟಿಗಳ ಮುಂದೆ ಎತ್ತರ ಏನೂ ಅಲ್ಲ. ಆದರೆ ದಾರಿ ಅಂದರೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. 1948ರಲ್ಲಿ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಟ್ಯಾಂಕ್ ಹತ್ತಿಸಿ ಗೆದ್ದ ಜಾಗ ಇದೇ, ಅದೂ ನವೆಂಬರ್ 1ರಂದು. ಈಗ ಅದು ನಮ್ಮ ರಾಜ್ಯೋತ್ಸವದ ದಿನ. ಅಕ್ಟೋಬರ್ ಕೊನೆಯಲ್ಲಿ ಸೀಮೆಎಣ್ಣೆ ಬ್ಯಾರಲ್ ಹೊತ್ತು ಹತ್ತುತ್ತಿದ್ದೆ. ಮುಂದೆ ಯಾವುದೋ ಬಾಡಿಗೆ ಲಾರಿ ಸಿಕ್ಕಿಕೊಂಡಿತು, ಏರಿನಲ್ಲೇ ನಿಲ್ಲಬೇಕಾಯಿತು. ಜಾರದಿರಲಿ ಅಂತ ಚಕ್ರಕ್ಕೆ ಕಟ್ಟುವ ಚೈನ್ ಕಟ್ಟಿರಲಿಲ್ಲ, ಹಿಮ ಆಗಷ್ಟೇ ಶುರುವಾಗಿತ್ತು. ಬ್ರೇಕ್ ಮೇಲೆ ಕಾಲಿಟ್ಟಿದ್ದೇನೆ, ಗಾಡಿ ಸದ್ದಿಲ್ಲದೆ ಹಿಂದಕ್ಕೆ ಹೋಗುತ್ತಿದೆ. ಕೋ-ಡ್ರೈವರ್ ಗಢವಾಲದ ಹುಡುಗ, ನಾನು ಬಾಯಿ ತೆರೆಯುವ ಮೊದಲೇ ಹಾರಿ ಗುಟ್ಕಾ ಕೊಟ್ಟಿದ್ದ. ನಿಂತಿತು. ಆಮೇಲೆ ಬರಿಗೈಯಲ್ಲಿ ಚೈನ್ ಕಟ್ಟಿದೆವು, ಬೆರಳು ಕಬ್ಬಿಣಕ್ಕೆ ಅಂಟುತ್ತಿತ್ತು. ಸಂಜೆವರೆಗೂ ಇಬ್ಬರೂ ಮಾತಾಡಲಿಲ್ಲ.

ಒಳ್ಳೆಯದೂ ಇದೆ. ನಮಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ ಇತ್ತು, ಮೇಲೆ 30 ದಿನ ಕ್ಯಾಶುಯಲ್. ಊಟ, ಬಟ್ಟೆ, ಔಷಧಿ ಚಿಂತೆ ಇಲ್ಲ. ಓವರ್‌ಲೋಡ್ ಮಾಡು ಅನ್ನುವವರಿಲ್ಲ, ಚೆಕ್‌ಪೋಸ್ಟ್‌ನಲ್ಲಿ ಕೈ ಚಾಚುವವರಿಲ್ಲ. ಆದರೆ ನನ್ನ ಮಗಳು ಹುಟ್ಟಿದ್ದು ಗೊತ್ತಾದದ್ದು ಆರು ದಿನ ಬಿಟ್ಟು, ಸಾಲಿನಲ್ಲಿ ಕ್ಯೂ ನಿಂತು ಎಸ್‌ಟಿಡಿ ಮಾಡಿದಾಗ.

ಇನ್ನು ನಿಮ್ಮ ವಿಷಯ. 2022ರಿಂದ ಸಿಪಾಯಿ ಭರ್ತಿ ಅಗ್ನಿಪಥದಲ್ಲಿ, ನಾಲ್ಕು ವರ್ಷಕ್ಕೆ. 27ಕ್ಕೆ ಆ ಬಾಗಿಲು ಮುಚ್ಚಿದೆ. ಸಮವಸ್ತ್ರ ಇಲ್ಲದ ಸಿವಿಲಿಯನ್ ಮೋಟಾರ್ ಡ್ರೈವರ್ ಹುದ್ದೆಗೆ ಎಎಸ್‌ಸಿಯಿಂದ ಆಗಾಗ ಅರ್ಜಿ ಕರೆಯುತ್ತಾರೆ, ಹೆವಿ ಲೈಸೆನ್ಸ್ ಇದ್ದವರನ್ನೇ ಕೇಳುತ್ತಾರೆ. ಅದಕ್ಕೂ ವಯಸ್ಸಿನ ಮಿತಿ ಇದೆ, ಹಾಗಾಗಿ ಪ್ರಕಟಣೆಯನ್ನು ಇವತ್ತೇ ಹುಡುಕಿ. ಅದೂ ಆಗದಿದ್ದರೆ ಉಳಿಯುವುದು ಬಾಡಿಗೆ ಲಾರಿ. ಜೋಜಿ ಲಾ ಅದೇ, ಚಳಿ ಅದೇ, ಆದರೆ ಡಿಪೋ ಗೇಟಿನ ಹೊರಗೆ ಲೋಡು ಇಳಿಸಲು ದಿನಗಟ್ಟಲೆ ಸ್ಟೌವ್ ಹಚ್ಚಿಕೊಂಡು ಕೂತಿರುತ್ತಿದ್ದವರು ಆ ಬಾಡಿಗೆ ಲಾರಿಯವರೇ. ಕಾಂಟ್ರಾಕ್ಟರ್ ಹತ್ತಿರ ಬಾಡಿಗೆ ಎಷ್ಟು ಅಂತ ಕೇಳುವ ಮೊದಲು, ಕಾದ ದಿನಕ್ಕೆ ಎಷ್ಟು ಕೊಡುತ್ತೀರಿ ಅಂತ ಕೇಳಿ.